ಎರಡನೇ ಕೀಲು

ಕಬ್ಬಿಣಕ್ಕೂ ನೆನಪಿರುತ್ತದೆ ಎಂದು ನಾನು ಸಾಧಿಸಿ ತೋರಿಸಿದ ವರ್ಷ, ಹುಬ್ಬಳ್ಳಿ ಹೊರವಲಯದ ನಮ್ಮ ಪ್ರಯೋಗಾಲಯದ ಗೇಟಿನ ಮುಂದೆ ಜನ ಮುರಿದ ಸಾಮಾನು ಹಿಡಿದುಕೊಂಡು ಸಾಲು ನಿಂತರು.

ವಿಷಯ ಅಂಥ ಕಠಿಣವೇನಲ್ಲ. ಲೋಹದ ಮೇಲೆ ಭಾರ ಬಿದ್ದಾಗಲೆಲ್ಲ ಅದರೊಳಗಿನ ಹರಳುಗಳ ಸಾಲು ಒಂದಿಷ್ಟು ಜರುಗುತ್ತದೆ. ಭಾರ ತೆಗೆದ ಮೇಲೂ ಅದು ಪೂರ್ತಿ ತನ್ನ ಜಾಗಕ್ಕೆ ವಾಪಸು ಬರುವುದಿಲ್ಲ. ಆ ಜರುಗಿದ ಗುರುತುಗಳನ್ನು ಕ್ಷ-ಕಿರಣದಿಂದ ಪದರ ಪದರವಾಗಿ ಓದಿದರೆ ಯಾವ ಭಾರ ಮೊದಲು ಬಿತ್ತು, ಯಾವುದು ಆಮೇಲೆ, ಎಷ್ಟು ಹೊತ್ತು, ಎಷ್ಟು ಸಲ ಎಂಬುದೆಲ್ಲ ತಿಳಿಯುತ್ತದೆ. ಪತ್ರಿಕೆಯವರು ನಮ್ಮ ಯಂತ್ರಕ್ಕೆ ‘ಲೋಹಸ್ಮೃತಿ’ ಎಂದು ಹೆಸರಿಟ್ಟರು. ಅದನ್ನು ಕಟ್ಟಿದ ಶೇಷಗಿರಿ ಎಂಬ ನನ್ನ ಫೋಟೋವನ್ನೂ ಹಾಕಿದರು.

ಸಿಂದಗಿ ಕಡೆಯ ಹೆಂಗಸೊಬ್ಬಳು, ಗಂಡನ ಮೇಲೆ ಕಳಚಿ ಬಿದ್ದ ಕ್ರೇನಿನ ಕೊಕ್ಕೆ ತಂದಿದ್ದಳು. ಅದರ ಮೇಲೆ ಒಂಬತ್ತು ತಿಂಗಳು ಎರಡು ಪಟ್ಟು ಭಾರ ಹೊರಿಸಿದ್ದರು ಎಂದು ಯಂತ್ರ ಹೇಳಿತು. ಆಕೆ ಅಲ್ಲೇ ನೆಲದ ಮೇಲೆ ಕೂತು, ‘ನಿನ್ನ ತಪ್ಪಿಲ್ಲಂತ ನೋಡು’ ಎಂದು ಗಂಡನಿಗೆ ಹೇಳುವವಳಂತೆ ಕೊಕ್ಕೆಗೆ ಹೇಳಿದಳು. ಎಲ್ಲರಿಗೂ ಬೇಕಾದ ಉತ್ತರ ಸಿಗಲಿಲ್ಲ. ಒಬ್ಬ ತಂದೆ ಸತ್ತ ಮಗನ ಬೈಕಿನ ಬ್ರೇಕ್ ಲಿವರ್ ತಂದ. ಕೊನೆಯ ಎರಡು ನಿಮಿಷದಲ್ಲಿ ಅದನ್ನು ಯಾರೂ ಮುಟ್ಟಿರಲೇ ಇಲ್ಲ. ಆ ಮನುಷ್ಯನಿಗೆ ವರದಿ ಕೊಟ್ಟು ಕಳಿಸಿದ ದಿನ ನನ್ನ ಸಹಾಯಕಿ ತಾಜ್‌ಬಾನು ಊಟ ಮಾಡಲಿಲ್ಲ.

‘ಇದನ್ನು ಕಂಡುಹಿಡಿಯಬೇಕು ಅಂತ ನಿಮಗೆ ಹೊಳೆದದ್ದು ಹೇಗೆ?’ ಎಂದು ಕೇಳಿದವರಿಗೆಲ್ಲ ನಾನು ‘ಕುತೂಹಲ’ ಎಂದು ಉತ್ತರ ಕೊಡುತ್ತಿದ್ದೆ. ಅದು ಸುಳ್ಳು.

ಇಪ್ಪತ್ತಾರು ವರ್ಷದ ಹಿಂದೆ ನಾನು ಪ್ರಯೋಗಾಲಯದಲ್ಲಿರಲಿಲ್ಲ. ಕೃಷ್ಣಾ ನದಿಯ ನಡುಗಡ್ಡೆಗಳಿಗೆ ತುರ್ತು ಚಿಕಿತ್ಸೆ ಒದಗಿಸುವ ಸೇವೆಯಲ್ಲಿ ತಪಾಸಣಾ ಇಂಜಿನಿಯರಾಗಿದ್ದೆ. ಹೊಳೆ ತುಂಬಿದರೆ ಲಿಂಗಸುಗೂರು ಕಡೆಯ ಆ ಗಡ್ಡೆಗಳಿಗೆ ದಾರಿಯೇ ಇರುವುದಿಲ್ಲ. ಹೆಲಿಕಾಪ್ಟರು ಕೊಳ್ಳುವ ಬದಲು ನಮ್ಮ ಸೇವೆಯವರು ನಾಲ್ಕು ಆಟೋಗೈರೋಗಳನ್ನು ತಂದಿದ್ದರು. ಜನ ಅದನ್ನು ಗಿರಗಿಟ್ಲಿ ಎಂದು ಕರೆದರು. ಅದಕ್ಕಿಂತ ಸರಿಯಾದ ಹೆಸರಿಲ್ಲ. ಹೆಲಿಕಾಪ್ಟರಿನ ತಲೆಯ ಮೇಲಿನ ರೆಕ್ಕೆಗಳನ್ನು ಎಂಜಿನ್ನು ತಿರುಗಿಸುತ್ತದೆ. ಆಟೋಗೈರೋದಲ್ಲಿ ಎಂಜಿನ್ನು ಬರೀ ಮುಂದಕ್ಕೆ ನೂಕುತ್ತದೆ, ತಲೆಯ ಮೇಲಿನ ರೆಕ್ಕೆಗಳು ಮಕ್ಕಳ ಕೈಯ ಗಿರಗಿಟ್ಲಿಯಂತೆ ಗಾಳಿಗೆ ತಾವೇ ತಿರುಗುತ್ತವೆ. ಎಂಜಿನ್ನು ನಿಂತರೂ ಅವು ತಿರುಗುತ್ತಲೇ ಇರುವುದರಿಂದ ಗಾಡಿ ಮೆಲ್ಲಗೆ ಕೆಳಗಿಳಿಯುತ್ತದೆ.

ಹೊಸ ಪೈಲಟ್‌ಗಳಿಗೆ ಇದರ ಇತಿಹಾಸದ ಪಾಠ ಹೇಳುತ್ತಿದ್ದವನೂ ನಾನೇ. ನನಗೆ ಅದೊಂದು ಹುಚ್ಚು. ನೂರು ವರ್ಷಕ್ಕೂ ಹಿಂದೆ ಸ್ಪೇನಿನ ಇಂಜಿನಿಯರೊಬ್ಬ ಇದನ್ನು ಕಟ್ಟಲು ಹೊರಟಾಗ ಮೊದಮೊದಲ ಗಾಡಿಗಳು ನೆಲ ಬಿಡುವ ಮುನ್ನವೇ ಪಕ್ಕಕ್ಕೆ ಉರುಳಿದವು. ಬೆತ್ತದ ಕಡ್ಡಿ ಹಾಕಿ ಮಾಡಿದ್ದ ಪುಟ್ಟ ಮಾದರಿ ಮಾತ್ರ ಸಲೀಸಾಗಿ ಹಾರುತ್ತಿತ್ತು. ಬೆತ್ತ ಬಾಗುತ್ತದೆ, ಅದಕ್ಕೇ ಹಾರುತ್ತಿದೆ ಎಂದು ಅವನಿಗೆ ಹೊಳೆಯಿತು. ಪ್ರತಿ ರೆಕ್ಕೆಯ ಬುಡಕ್ಕೆ ಒಂದು ಕೀಲು ಇಟ್ಟು ಅದು ಮೇಲೆ ಕೆಳಗೆ ಆಡುವಂತೆ ಮಾಡಿದ. ಗಾಡಿ ಹಾರಿತು. ಕೆಲವು ವರ್ಷದ ಮೇಲೆ ಇಂಗ್ಲೆಂಡಿನಲ್ಲಿ ಹಾರಾಟದ ನಡುವೆಯೇ ರೆಕ್ಕೆ ಬುಡದಲ್ಲಿ ಮುರಿಯಿತು. ತಿರುಗುವ ರೆಕ್ಕೆ ಬರೀ ಮೇಲೆ ಕೆಳಗೆ ಆಡುವುದಲ್ಲ, ಪ್ರತಿ ಸುತ್ತಿಗೂ ಹಿಂದೆ ಮುಂದೆಯೂ ಜಗ್ಗುತ್ತದೆ. ಹಾಗಾಗಿ ಎರಡನೇ ಕೀಲು ಬಂತು. ಮುಂದೆ ಹೆಲಿಕಾಪ್ಟರು ಮಾಡಿದವರು ಈ ಎರಡು ಕೀಲುಗಳನ್ನೂ ಎತ್ತಿಕೊಂಡರು. ‘ಹೆಲಿಕಾಪ್ಟರ್ ಹಾರುತ್ತಿರುವುದು ಗಿರಗಿಟ್ಲಿಯ ಋಣದಲ್ಲಿ’ ಎನ್ನುತ್ತಿದ್ದೆ. ‘ಎರಡನೇ ಕೀಲು ಆಡದೆ ಹಿಡಿದುಕೊಂಡರೆ ನೀವು ಆ ಇಂಗ್ಲೆಂಡಿನ ಗಾಡಿಯಲ್ಲೇ ಕೂತಿದ್ದೀರಿ ಅಂತ ತಿಳಿಯಿರಿ.’

ಈ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಕೇಳಿಸಿಕೊಂಡವನು ಅಮರಪ್ಪ. ಗುಂತಗೋಳ ಕಡೆಯವನು, ಇಪ್ಪತ್ತೇಳು ವಯಸ್ಸು, ತೆಳ್ಳಗಿದ್ದ. ಪಾಠ ಮುಗಿದ ಮೇಲೆ ನನ್ನ ಹಿಂದೆಯೇ ಬಂದು ಪ್ರಶ್ನೆ ಕೇಳುತ್ತಿದ್ದ. ನನ್ನನ್ನು ‘ಗುರುಗಳ’ ಎಂದೇ ಕರೆಯುತ್ತಿದ್ದ.

ಆ ವರ್ಷ ಮಹಾಪೂರ ಬಂತು. ನಾಲ್ಕೂ ಗಾಡಿಗಳು ದಿನವೂ ಹಾರಿದವು. ಐವತ್ತು ಗಂಟೆ ಹಾರಿದ ಮೇಲೆ ಎರಡೂ ಕೀಲುಗಳನ್ನು ಬಿಚ್ಚಿ, ತೊಳೆದು, ಹೊಸ ಗ್ರೀಸು ತುಂಬಿ, ನಾನು ಸಹಿ ಹಾಕಬೇಕು. ಅದು ನಾಲ್ಕು ಗಂಟೆಯ ಕೆಲಸ. ಹಿಂದಿನ ನಾಲ್ಕು ಸಲ ಬಿಚ್ಚಿದಾಗಲೂ ಕೀಲು ಹೊಸದರಂತೆ ಇತ್ತು. ಮೂರನೇ ನಂಬರಿನ ಗಾಡಿಯ ಸರದಿ ಬಂದ ದಿನ ನಾನು ಬಿಚ್ಚಲಿಲ್ಲ. ಸಹಿ ಹಾಕಿದೆ.

ಆ ನಾಲ್ಕು ಗಂಟೆ ನಾನೇನು ಮಾಡಿದೆ ಎಂದು ಹೇಳುವುದಕ್ಕೆ ಈಗಲೂ ಬಾಯಿ ಕಟ್ಟುತ್ತದೆ. ಜ್ವರ ಬಂದಿರಲಿಲ್ಲ. ಮನೆಯಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ವಿಶ್ರಾಂತಿ ಕೋಣೆಯಲ್ಲಿ ಕೇರಂ ಆಡಿದೆ. ಎರಡು ಆಟ ಗೆದ್ದೆ ಕೂಡ.

ಹತ್ತು ದಿನದ ಮೇಲೆ ಅಮರಪ್ಪ ಬಂದ. “ಗುರುಗಳ, ಮೂರನೇ ನಂಬರಿಂದು ಹಾರಿಸೂ ಕೋಲು ಕೈಯಾಗ ನಡಗಾಕತ್ತದ. ಮೊದಲು ಹಿಂಗಿದ್ದಿಲ್ಲ. ಕೀಲಿನಾಗ ರಾಡಿ ಏನರ ಹೊಕ್ಕದೇನು?”

“ಗಾಳಿ ಜೋರಿದೆಯಲ್ಲ ಮಾರಾಯ, ಅದಕ್ಕೆ” ಎಂದೆ. “ಮೊನ್ನೆ ತಾನೇ ಬಿಚ್ಚಿ ನೋಡಿದ್ದೇನೆ.”

“ನೀವು ನೋಡೀರಂದ್ರ ಮುಗೀತು ಬಿಡ್ರಿ” ಎಂದು ಹೋದ.

ಮರುವಾರ ಜಾಲಿಗಡ್ಡಿ ಎಂಬ ನಡುಗಡ್ಡೆಯಲ್ಲಿ ಹುಲಿಗೆಮ್ಮ ಎಂಬ ಹೆಂಗಸಿಗೆ ಹಾವು ಕಚ್ಚಿತು. ಅಮರಪ್ಪ ಅವಳನ್ನು ಹಿಂದಿನ ಸೀಟಿನಲ್ಲಿ ಕಟ್ಟಿ ಕೂರಿಸಿಕೊಂಡು ಹೊರಟ. ದಂಡೆಗೆ ಇನ್ನೂ ಇನ್ನೂರು ಗಜವಿದೆ ಎನ್ನುವಾಗ ರೆಕ್ಕೆ ಮುರಿದು ಗಾಡಿ ನೀರಿಗೆ ಬಿತ್ತು. ಅವನನ್ನು ಮೀನುಗಾರರು ಎಳೆದುಕೊಂಡರು. ಹುಲಿಗೆಮ್ಮ ಸೀಟಿನಲ್ಲೇ ಮುಳುಗಿದಳು. ಅವಳಿಗೆ ನಾಲ್ಕು ವರ್ಷದ ಮಗಳಿದ್ದಳು.

ಅಮರಪ್ಪನ ತಲೆಗೆ ಪೆಟ್ಟಾಗಿತ್ತು. ಆ ದಿನದ್ದು ಅವನಿಗೆ ಒಂದೂ ನೆನಪಿರಲಿಲ್ಲ. ಗಾಡಿಯ ತಲೆಭಾಗ ಹೊಳೆಯ ತಳದಲ್ಲಿತ್ತು. ವಿಚಾರಣಾ ಸಮಿತಿಯವರು ತಾಂತ್ರಿಕ ಸಾಕ್ಷಿಯಾಗಿ ನನ್ನನ್ನೇ ಕರೆದರು. ಆಟೋಗೈರೋ ಹಾರಿಸುವವನು ಮಾಡಬಾರದ ಒಂದು ತಪ್ಪಿದೆ. ಕೋಲನ್ನು ಗಕ್ಕನೆ ಮುಂದಕ್ಕೆ ಒತ್ತಿದರೆ ರೆಕ್ಕೆಗಳ ಮೇಲಿನ ಭಾರ ಹೋಗುತ್ತದೆ, ಅವುಗಳ ತಿರುಗು ವೇಗ ತಗ್ಗಿ ಬಾಲಕ್ಕೆ ಬಡಿದು ಮುರಿಯುತ್ತವೆ. ‘ಪೈಲಟ್ ಗಾಬರಿಯಲ್ಲಿ ಹಾಗೆ ಮಾಡಿರುವ ಸಂಭವವೇ ಹೆಚ್ಚು’ ಎಂದು ನಾನು ಹೇಳಿದೆ. ಕೀಲಿನ ಪುಸ್ತಕದಲ್ಲಿ ನನ್ನ ಸಹಿ ಇತ್ತು. ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಾನು ಆಸ್ಪತ್ರೆಗೂ ಹೋದೆ.

“ನನಗ ಏನೂ ನೆನಪಿಲ್ರಿ ಗುರುಗಳ” ಎಂದ ಅಮರಪ್ಪ. ತಲೆಯ ಸುತ್ತ ಪಟ್ಟಿ ಇತ್ತು. “ಏನಾತು? ನೀವರ ಹೇಳ್ರಿ.”

“ನೀನು ಕೋಲು ಒತ್ತಿರಬೇಕು, ಅಮರಪ್ಪ.”

ಅವನು ತನ್ನ ಬಲಗೈಯನ್ನು ನೋಡಿಕೊಂಡ. “ನಾ ಒತ್ತಿದ್ನಾ?” ಎಂದ. “ನೀವು ಹೇಳ್ತೀರಂದ ಮ್ಯಾಲ ಹೌದಽ ಇರಬೇಕು. ಹಂಗಾರ ನಾನಽ ಕೊಂದೆ ಆಕೀನ” ಎಂದ. ನಾನು ಅವನ ಭುಜ ತಟ್ಟಿ ಸಮಾಧಾನ ಹೇಳಿದೆ.

ಎರಡು ತಿಂಗಳಿಗೆ ಆ ಕೆಲಸ ಬಿಟ್ಟೆ. ಲೋಹ ಯಾಕೆ ಮುರಿಯುತ್ತದೆ ಎಂಬುದನ್ನೇ ಓದಿದೆ, ಅದರಲ್ಲೇ ಪದವಿ ಪಡೆದೆ, ಅದರಲ್ಲೇ ಹೆಸರು ಮಾಡಿದೆ. ಲಿಂಗಸುಗೂರಿನ ಕಡೆ ಮತ್ತೆ ತಲೆ ಹಾಕಲಿಲ್ಲ.

ಕಳೆದ ಫಾಲ್ಗುಣದಲ್ಲಿ ಒಂದು ಶನಿವಾರ, ಸಾಲಿನ ಕೊನೆಯಲ್ಲಿ ಮೂವತ್ತರ ವಯಸ್ಸಿನ ಹೆಂಗಸೊಬ್ಬಳು ಹಳೆ ಸೀರೆಯಲ್ಲಿ ಸುತ್ತಿದ ಗಂಟು ಹೊತ್ತು ನಿಂತಿದ್ದಳು. ನನ್ನ ಮೇಜಿನ ಮೇಲೆ ಬಿಚ್ಚಿದಳು. ತುಕ್ಕು ಹಿಡಿದ ಉಕ್ಕಿನ ಜೋಡಿ ಕೀಲು, ಅದರ ತುದಿಗೆ ಮುರಿದ ರೆಕ್ಕೆಯ ಬುಡ. ಪಕ್ಕದಲ್ಲಿ ಕೆತ್ತಿದ್ದ ಮೂರು ಎಂಬ ಅಂಕಿ ಇನ್ನೂ ಕಾಣುತ್ತಿತ್ತು. ಅದನ್ನು ಕೆತ್ತಿದವನು ನಾನು.

“ನಾ ದುರುಗವ್ವ ಅಂತ್ರಿ. ಲಿಂಗಸುಗೂರಿನಾಗ ಸಾಲಿ ಕಲಸ್ತೀನಿ” ಎಂದಳು. “ನಿಮಗ ನೆನಪಿರಬೇಕು, ಗಿರಗಿಟ್ಲಿ ಬಿದ್ದು ಸತ್ತಳಲ್ರಿ, ಹುಲಿಗೆಮ್ಮ? ಆಕಿ ಮಗಳು. ಆ ವರ್ಷ ನೀರು ಇಳದಿಂದ ಜಾಲಿಗಡ್ಡಿ ಮಂದಿಗೆ ಇದು ಸಿಕ್ಕಿತ್ತು. ಅಮರಪ್ಪ ಮಾವ ಇಸ್ಕೊಂಡು ಇಟ್ಟಾನ.”

ಅವಳ ಅಪ್ಪ ದುಡಿಯಲು ಪುಣೆಗೆ ಹೋದವನು ಅಲ್ಲೇ ಉಳಿದನಂತೆ. ಅವಳನ್ನು ಸಾಕಿದವನು, ಓದಿಸಿದವನು ಅಮರಪ್ಪ. ಅವನು ಮದುವೆಯಾಗಲಿಲ್ಲ. ಮತ್ತೆ ಹಾರಲೂ ಇಲ್ಲ. ಇಪ್ಪತ್ತಾರು ವರ್ಷ ಜಾಲಿಗಡ್ಡಿಗೂ ದಂಡೆಗೂ ಹರಗೋಲು ನಡೆಸಿದ. ಪ್ರತಿ ವರ್ಷ ಆ ದಿನ ಅವಳ ಮುಂದೆ ಕೂತು ಕೈ ಮುಗಿಯುತ್ತಿದ್ದನಂತೆ.

“ಸಣ್ಣಾಕಿ ಇದ್ದಾಗ ನನಗೂ ಸಿಟ್ಟಿತ್ರಿ. ಈಗಿಲ್ಲ. ಮಾವಗ ಪುಪ್ಪಸದ ಬ್ಯಾನಿ ಆಗೇತಿ, ಭಾಳ ದಿನ ಉಳಿಯಂಗಿಲ್ಲ ಅಂದಾರ ಡಾಕ್ಟ್ರು. ಮಲಕೊಂಡಲ್ಲೆ ‘ಒತ್ತಬ್ಯಾಡ, ಒತ್ತಬ್ಯಾಡ’ ಅಂತಾನ. ಪೇಪರಿನಾಗ ನಿಮ್ಮ ಹೆಸರು ನೋಡಿ ಬಂದೆ. ಮಾವ ನಿಮ್ಮನ್ನ ದಿನಾ ನೆನಸ್ತಾನ್ರಿ, ನನ್ನ ಗುರುಗಳು ಅಂತ. ಆಂವ ಒತ್ತ್ಯಾನೋ ಇಲ್ಲೋ ಅಷ್ಟು ನೋಡಿ ಹೇಳ್ರಿ. ಒತ್ತಿದ್ರೂ ಅಡ್ಡಿಯಿಲ್ಲ. ಖರೇ ಏನಂತ ಗೊತ್ತಾಗಲಿ.”

ನಾನು ಕೀಲನ್ನು ಕೈಗೆತ್ತಿಕೊಂಡು ಆಚೆ ಈಚೆ ತಿರುಗಿಸಿದೆ. ಎರಡನೇ ಕೀಲು ಜಗ್ಗಲಿಲ್ಲ.

“ತುಂಬಾ ತುಕ್ಕು ಹಿಡಿದಿದೆಯಮ್ಮ” ಎಂದೆ. “ಇದನ್ನು ಓದಲು ಆಗುವುದಿಲ್ಲ.”

ಪಕ್ಕದ ಮೇಜಿನಿಂದ ತಾಜ್‌ಬಾನು ತಲೆ ಎತ್ತಿ ನನ್ನನ್ನು ನೋಡಿದಳು. ಹಿಂದಿನ ವಾರವಷ್ಟೇ ಇದಕ್ಕಿಂತ ಹಾಳಾದ ಲಂಗರು ಸರಪಣಿಯನ್ನು ನಾವು ಓದಿದ್ದೆವು.

“ಹೋಗ್ಲಿ ಬಿಡ್ರಿ” ಎಂದು ದುರುಗವ್ವ ಎದ್ದಳು. “ಇದನ್ನ ವಾಪಸ್ ಒಯ್ದು ಮಾವನ ಮುಂದ ಇಡಾಕ ಮನಸಿಲ್ಲ. ಇಲ್ಲೇ ಇರಲಿ.” ಸೀರೆಯನ್ನು ಮಾತ್ರ ಮಡಚಿಕೊಂಡು ಹೊರಟಳು.

ಮರುದಿನ ಭಾನುವಾರ. ಬೆಳಿಗ್ಗೆ ನನ್ನ ಹೆಂಡತಿ ಇಂದುಮತಿ ಅಡುಗೆಮನೆ ಬಾಗಿಲಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನಾನು ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಕೇರಂ ಆಡಿದ್ದನ್ನೂ ಹೇಳಿದೆ. ಅವಳ ಕೈ ನಿಂತಿತು.

“ಆವತ್ತು ಮನೆಗೆ ಬಂದು ಪೈಲಟ್ ತಪ್ಪು ಅಂತ ಹೇಳಿದ್ರಿ” ಎಂದಳು. “ನಾನು ಅದನ್ನೇ ನಂಬಿ ನಿಮ್ಮ ಅಕ್ಕನಿಗೆ ಹೇಳಿದೆ, ಓಣಿಯವರಿಗೆ ಹೇಳಿದೆ. ಆ ಹುಡುಗನ್ನ ಎಷ್ಟು ಬೈದಿದ್ದೆ ನಾನು. ನನ್ನ ಬಾಯಲ್ಲೂ ಆ ಸುಳ್ಳು ಆಡಿಸಿಬಿಟ್ರಲ್ಲ.”

“ಒಂದು ವೇಳೆ ಅವನು ನಿಜವಾಗಿಯೂ ಒತ್ತಿದ್ದರೆ?” ಎಂದೆ. ಅಷ್ಟೆಲ್ಲ ಆದ ಮೇಲೂ ಆ ಆಸೆ ನನ್ನೊಳಗಿತ್ತು. ಕೀಲೂ ಹಿಡಿದಿರಬಹುದು, ಅವನೂ ಒತ್ತಿರಬಹುದು, ಅರ್ಧರ್ಧ ಪಾಲು.

ಇಂದುಮತಿ ಸೊಪ್ಪಿನ ಮೊರ ಎತ್ತಿಕೊಂಡು ಎದ್ದಳು. “ಕೀಲು ನೋಡದೇ ಹೇಳಿದ್ದು ಇದು ಎರಡನೇ ಸಲ. ಮೊದಲು ಓದಿಸಿ” ಎಂದಳು.

ಸೋಮವಾರ ಬೆಳಿಗ್ಗೆ ಕೀಲನ್ನು ಯಂತ್ರದ ಹಾಸಿಗೆಯ ಮೇಲೆ ಇರಿಸಿದೆ. ತಾಜ್‌ಬಾನು ಏನೂ ಕೇಳದೆ ಕಿರಣ ಹೊಂದಿಸಿದಳು. ಪರದೆಯ ಮೇಲೆ ಗೆರೆಗಳು ಒಂದೊಂದಾಗಿ ಮೂಡಿದವು. ಮೊದಲ ಇನ್ನೂರು ಚಿಲ್ಲರೆ ಗಂಟೆ ಎಲ್ಲ ಸಲೀಸು. ಐವತ್ತು ಗಂಟೆಗೊಮ್ಮೆ ಕೀಲು ಬಿಚ್ಚಿ ಜೋಡಿಸಿದ ಗುರುತೂ ಇತ್ತು. ನಾಲ್ಕು ಸಲ. ಐದನೆಯದು ಇರಲಿಲ್ಲ.

“ಇಲ್ಲಿಂದ ಎರಡನೇ ಕೀಲು ಹಿಡಿದುಕೊಂಡಿದೆ ಸರ್” ಎಂದಳು ತಾಜ್‌ಬಾನು. “ನೋಡಿ, ಪ್ರತಿ ಸುತ್ತಿಗೂ ಒಂದು ಗೀರು. ಅರವತ್ತೊಂದು ಗಂಟೆ. ಹನ್ನೆರಡು ಲಕ್ಷಕ್ಕೂ ಮೇಲೆ ಗೀರುಗಳು. ತಪಾಸಣೆ ಮಾಡಿದವರು ಕಣ್ಣು ಮುಚ್ಚಿಕೊಂಡಿದ್ರಾ?”

“ತಪಾಸಣೆ ಮಾಡಬೇಕಾಗಿದ್ದವನು ನಾನು” ಎಂದೆ.

ಅವಳು ತಿರುಗಿ ನೋಡಲಿಲ್ಲ. ಪರದೆಯನ್ನೇ ನೋಡುತ್ತಾ, “ಕೊನೆಯ ಹಾರಾಟ ತೆಗೆಯಲಾ?” ಎಂದಳು.

ಕೋಲು ಮುಂದಕ್ಕೆ ಒತ್ತಿದ್ದರೆ ರೆಕ್ಕೆಯ ಭಾರ ಒಂದು ಕ್ಷಣ ಇಲ್ಲವಾಗಬೇಕು. ಗೆರೆಯಲ್ಲಿ ಅಲ್ಲೊಂದು ಖಾಲಿ ಜಾಗ ಕಾಣಬೇಕು. ನಾನು ಅದನ್ನು ಹುಡುಕಿದೆ. ನಾಚಿಕೆಯಿಲ್ಲದೆ ಹುಡುಕಿದೆ. ಇರಲಿಲ್ಲ. ಇದ್ದದ್ದು ಬೇರೆ. ರೆಕ್ಕೆಯ ಬುಡ ಬಾಯಿ ಬಿಟ್ಟ ಗಳಿಗೆಯಿಂದ ಅದು ಪೂರ್ತಿ ಮುರಿಯುವ ತನಕ ನಲವತ್ತೊಂದು ಸೆಕೆಂಡು. ಎರಡನೇ ಸೆಕೆಂಡಿಗೇ ಅವನು ಎಂಜಿನ್ ಇಳಿಸಿದ್ದ. ಮುಂದಕ್ಕೆ ಹೋಗುವ ವೇಗ ಕಮ್ಮಿಯಾದಷ್ಟೂ ಬುಡದ ಜಗ್ಗಾಟ ಕಮ್ಮಿ. ಅದನ್ನು ತಿಳಿದವನಂತೆ ಗಾಡಿಯನ್ನು ಬಹುಮಟ್ಟಿಗೆ ನೆಟ್ಟಗೆ, ಎಲೆ ಬೀಳುವ ಹಾಗೆ ಇಳಿಸುತ್ತಿದ್ದ. ಸೆಕೆಂಡಿನಿಂದ ಸೆಕೆಂಡಿಗೆ ಭಾರದ ಗೆರೆ ತಗ್ಗುತ್ತಾ ಬಂದಿತ್ತು. ಮುರಿದದ್ದಕ್ಕೂ ನೀರಿಗೆ ಬಡಿದದ್ದಕ್ಕೂ ನಡುವಿನ ಹೊತ್ತು ಲೆಕ್ಕ ಹಾಕಿದರೆ, ಮುರಿದಾಗ ನೀರು ಎರಡಾಳು ಕೆಳಗಿತ್ತು, ಅಷ್ಟೇ. ನನಗೆ ಗೊತ್ತಿರುವ ಯಾವ ಪೈಲಟ್ಟೂ ಆ ಗಾಡಿಯನ್ನು ಅಲ್ಲಿಯ ತನಕ ತರುತ್ತಿರಲಿಲ್ಲ.

ಅದೇ ದಿನ ಎಲ್ಲವನ್ನೂ ಬರೆದೆ. ಪೂರ್ತಿ ನೋಡದ ಕೀಲಿಗೆ ಸಹಿ ಹಾಕಿದ್ದು ಎಂದು ಮೊದಲು ಬರೆದು, ಹೊಡೆದು ಹಾಕಿ, ಮಾಡದ ಕೆಲಸಕ್ಕೆ ಸಹಿ ಹಾಕಿದ್ದು ಎಂದು ತಿದ್ದಿದೆ. ಆಸ್ಪತ್ರೆಯಲ್ಲಿ ಆಡಿದ ಮಾತನ್ನೂ ಸೇರಿಸಿದೆ. ಒಂದು ಪ್ರತಿಯನ್ನು ಸರ್ಕಾರಕ್ಕೆ, ಒಂದನ್ನು ನಮ್ಮ ಆಡಳಿತ ಮಂಡಳಿಗೆ ಕಳಿಸಿದೆ. ಮಂಡಳಿಯ ಅಧ್ಯಕ್ಷರು ಫೋನು ಮಾಡಿ, “ಇಷ್ಟು ಹಳೆಯದನ್ನು ಈಗ ಯಾಕೆ ಕೆದಕುತ್ತೀರಿ? ಯಂತ್ರದ ಹೆಸರೂ ಕೆಡುತ್ತದೆ” ಎಂದರು. ಯಂತ್ರ ಸರಿಯಾಗಿಯೇ ಓದಿದೆ ಎಂದೆ. ವಾರದೊಳಗೆ ನಾನು ನಿರ್ದೇಶಕನ ಕುರ್ಚಿಯಲ್ಲಿರಲಿಲ್ಲ. ಅದರಿಂದ ಸಂಕಟವೇನೂ ಆಗಲಿಲ್ಲ. ಸಂಕಟದ ಕೆಲಸ ಇನ್ನೂ ಮುಂದಿತ್ತು.

ಅಮರಪ್ಪನಿದ್ದ ಹೊಳೆದಂಡೆಯ ಊರಿಗೆ ಬಸ್ಸಿನಲ್ಲಿ ಹೋದೆ. ಅಮರಪ್ಪ ಹೊರಸಿನ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ನನ್ನನ್ನು ಕಂಡು ಏಳಲು ನೋಡಿದ.

“ಗುರುಗಳ! ದುರುಗವ್ವ, ಚಾಪಿ ಹಾಸು, ಗುರುಗಳು ಬಂದಾರ.”

“ನನ್ನನ್ನು ಹಾಗೆ ಕರೆಯಬೇಡಿ” ಎಂದೆ. ಅವನಿಗೆ ಮೊದಲ ಸಲ ಬಹುವಚನ ಹಚ್ಚಿದ್ದೆ. ಅದು ಅವನ ಮುಖದಲ್ಲಿ ಗಲಿಬಿಲಿ ಹುಟ್ಟಿಸಿತು. ನಿಂತುಕೊಂಡೇ ಹೇಳಿದೆ. ಕೂತರೆ ಹೇಳಲಾರೆ ಎನಿಸಿತು. ಬಿಚ್ಚದ ಕೀಲು, ನಡುಗುತ್ತದೆ ಎಂದು ಅವನು ಹೇಳಿದ್ದು, ವಿಚಾರಣೆ, ಆಸ್ಪತ್ರೆ, ಮೊನ್ನೆ ದುರುಗವ್ವನಿಗೆ ಹೇಳಿದ ತುಕ್ಕಿನ ಸುಳ್ಳು. ದುರುಗವ್ವ ಚಾಪೆಯನ್ನು ಕೈಯಲ್ಲಿ ಹಿಡಿದು ಗೋಡೆಗೆ ಆತು ನಿಂತಿದ್ದಳು. ಅದನ್ನು ಹಾಸಲಿಲ್ಲ.

ಉಸಿರಾಡಲು ಅಮರಪ್ಪನಿಗೆ ಕಷ್ಟವಾಗುತ್ತಿತ್ತು.

“ಹಂಗಾರ ನಾ ಒತ್ತಿಲ್ಲ?”

“ಇಲ್ಲ. ಒತ್ತಿಲ್ಲ.”

“ಮತ್ತೇನು ಮಾಡಿದೆ?”

ನನ್ನ ಬಳಿ ವರದಿಯ ಹಾಳೆ ಇತ್ತು. ಪ್ರತಿ ಸೆಕೆಂಡಿಗೆ ಒಂದು ಸಾಲು. ಓದತೊಡಗಿದೆ. “ಮೊದಲನೇ ಸೆಕೆಂಡು, ಬುಡ ಬಾಯಿ ಬಿಟ್ಟಿದೆ. ಎರಡನೇದು, ಎಂಜಿನ್ ಇಳಿಸಿದ್ದೀರಿ. ಐದನೇದು, ಕೋಲು ಹಿಂದಕ್ಕೆ, ತುಂಬ ಮೆಲ್ಲಗೆ.” ಹೊದಿಕೆಯ ಮೇಲಿದ್ದ ಅವನ ಬಲಗೈ ಮುಷ್ಟಿಯಾಯಿತು. ಹದಿನೈದನೇ ಸೆಕೆಂಡಿನ ಹೊತ್ತಿಗೆ ಆ ಮುಷ್ಟಿ ನಾನು ಓದುವುದಕ್ಕಿಂತ ಒಂದಿಷ್ಟು ಮುಂಚೆಯೇ ಅಲುಗುತ್ತಿತ್ತು.

“ಇಪ್ಪತ್ತೊಂಬತ್ತನೇದು, ಎಡಕ್ಕೆ ತಿರುಗಿಸಿದ್ದೀರಿ. ಯಾಕೆ ಅಂತ ನಮಗೆ ಗೊತ್ತಾಗಲಿಲ್ಲ.”

“ತಂತಿ” ಎಂದ ಅಮರಪ್ಪ. ಕಣ್ಣು ಎಲ್ಲೋ ನೋಡುತ್ತಿತ್ತು. “ಎದುರು ದಂಡಿ ಮ್ಯಾಲಿನ ಕರೆಂಟಿನ ತಂತಿ. ಅದರ ಕೆಳಗ ಮಂದಿ ನಿಂತಿದ್ರು. ಕೆಂಪು ಪಟಗದಾಂವ ಒಬ್ಬ ಕೈ ಬೀಸಾಕತ್ತಿದ್ದ.” ಆಮೇಲೆ ದುರುಗವ್ವನ ಕಡೆ ಹೊರಳಿದ. “ನಿಮ್ಮವ್ವ ಹಿಂದಿನಿಂದ ನನ್ನ ಹೆಗಲ ಹಿಡಕೊಂಡಿದ್ಲು. ಅಂಜಬ್ಯಾಡ ಯವ್ವ, ಇಳಿಸ್ತೀನಿ ಅಂದೆ. ಹೂಂ ಅಂದ್ಲು. ಆಕಿ ಹೂಂ ಅಂದಿದ್ದು ನನಗ ಕೇಳಿಸ್ತು.”

ದುರುಗವ್ವ ಚಾಪೆ ಬಿಟ್ಟು ಬಂದು ಹೊರಸಿನ ಅಂಚಿನಲ್ಲಿ ಕೂತಳು. ಅವನು ಅವಳ ಕೈ ಹಿಡಿದುಕೊಂಡ. ಇಬ್ಬರೂ ಅಳುತ್ತಿದ್ದರು. ನಾನು ಹಾಳೆ ಹಿಡಿದು ನಿಂತಿದ್ದೆ.

“ಇನ್ನೊಮ್ಮಿ ಓದ್ರಿ” ಎಂದ ಅಮರಪ್ಪ, ನನ್ನನ್ನು ನೋಡದೆ.

ಓದಿದೆ. ಮುಗಿದ ಮೇಲೆ ಮತ್ತೊಮ್ಮೆ ಎಂದ. ಮೂರನೇ ಸಲ ಓದುವಾಗ ಇಪ್ಪತ್ತನೇ ಸೆಕೆಂಡಿನ ಹತ್ತಿರ ಹಾಳೆಯಿಂದ ಕಣ್ಣೆತ್ತಿದೆ. ಕ್ಷಮೆ ಕೇಳಲು ಬಾಯಿ ತೆರೆದೆ.

“ಸಾಕ್ರಿ ಸರ” ಎಂದಳು ದುರುಗವ್ವ. ಸಿಟ್ಟಿನ ದನಿಯಲ್ಲ. ಕೈ ಚಾಚಿದಳು. “ಆ ಹಾಳಿ ಇಲ್ಲಿ ಕೊಡ್ರಿ. ನಾ ಓದ್ತೀನಿ. ನೀವಿನ್ನ ಹೋಗ್ರಿ.”

ಕೊಟ್ಟೆ. ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಅವಳ ದನಿ ಕೇಳಿಸಿತು. ಶಾಲೆಯ ಮಕ್ಕಳಿಗೆ ಪಾಠ ಓದಿ ಹೇಳುವ ಹಾಗೆ ಸ್ಪಷ್ಟವಾಗಿ, ಬಿಡಿಸಿ ಬಿಡಿಸಿ, ಅವಳು ಮೊದಲನೇ ಸೆಕೆಂಡಿನಿಂದ ಓದುತ್ತಿದ್ದಳು. ನಿಂತು ಕೇಳುವ ಹಕ್ಕು ನನಗಿರಲಿಲ್ಲ. ಬಸ್ಸು ನಿಲ್ಲುವ ಕಡೆಗೆ ನಡೆದೆ.